ಹಬ್ಬ ಬಂದಾಗ ಮಕ್ಕಳ ಓದು ನಿಲ್ಲದಂತೆ: ಮನೆಯಲ್ಲೇ ಓದಿಸುವ ಕೊಡಗಿನ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

"ಹುತ್ತರಿ ಮುಗಿದು ಹದಿನೈದು ದಿನ ಆಯಿತು, ಮಕ್ಕಳು ಇನ್ನೂ ಪುಸ್ತಕ ಮುಟ್ಟಿಲ್ಲ." ಹುತ್ತರಿ ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬ. ಪ್ರತಿ ಡಿಸೆಂಬರ್‌ನಲ್ಲಿ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಮನೆಯಲ್ಲೇ ಮಕ್ಕಳನ್ನು ಓದಿಸುವ ಗೆಳತಿಯರು, ನೆಂಟರು, ಹೊಸದಾಗಿ ಶುರು ಮಾಡಿದವರು, ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ.

ನನಗೆ ಮೂವರು ಮಕ್ಕಳು. ದೊಡ್ಡವಳಿಗೆ 13, ನಡುವಿನವನಿಗೆ 9, ಚಿಕ್ಕವಳಿಗೆ 5. ನಾಪೋಕ್ಲು ಕಡೆ ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ಮೊದಲ ಎರಡು ವರ್ಷ ನಮ್ಮ ಮನೆಯಲ್ಲೂ ಹೀಗೇ ಆಯಿತು. ಆಮೇಲೆ ಅರ್ಥವಾಯಿತು, ತಪ್ಪು ಇರುವುದು ಹಬ್ಬದಲ್ಲೂ ಅಲ್ಲ, ಪಾಠದಲ್ಲೂ ಅಲ್ಲ, ಕ್ರಮದಲ್ಲಿ. ನಾವು ಹಬ್ಬ ಮನೆಬಾಗಿಲಿಗೆ ಬಂದ ಮೇಲೆ ಪಾಠ ಕಡಿಮೆ ಮಾಡಲು ನೋಡುತ್ತೇವೆ. ಅಷ್ಟು ಹೊತ್ತಿಗೆ ಹಿಟ್ಟು ಹುರಿಯಬೇಕು, ನೆಂಟರು ಬರುತ್ತಾರೆ, ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಪಾಠವನ್ನು ಹತ್ತು ದಿನ ಮೊದಲೇ ಇಳಿಸಬೇಕು. ಹಬ್ಬದ ದಿನ ಪೂರ್ತಿ ಬಿಡಬೇಕು. ಮತ್ತೆ ಶುರು ಮಾಡುವ ದಿನವನ್ನು ಹಬ್ಬಕ್ಕೆ ಮೊದಲೇ ಬರೆದಿಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಮಧ್ಯದಿಂದ ಎತ್ತಿಕೊಂಡರೆ ಕೆಲಸ ಆಗುವುದಿಲ್ಲ.

## ಮೊದಲು ಕೂಡಿಟ್ಟುಕೊಳ್ಳಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ತಿಥಿ, ನಕ್ಷತ್ರ ಎಲ್ಲ ಇರುವ ಒಂದು ಗೋಡೆ ಕ್ಯಾಲೆಂಡರ್. ಮೂರು ಬಣ್ಣದ ಪೆನ್ನು. ಮಗುವಿಗೆ ಒಂದರಂತೆ ದಪ್ಪ ಫೈಲು. ಅಡುಗೆಮನೆಯ ತಕ್ಕಡಿ, ಅಳತೆಗೆ ಒಂದು ಲೋಟ. ತೋಟದಲ್ಲಿ ಮಳೆ ಅಳೆಯುವ ರೈನ್‌ಗೇಜ್ ಇದ್ದರೆ ಅದೂ ಪಾಠದ ಸಾಮಾನೇ.

ಇನ್ನೊಂದು, ಮುಚ್ಚಳ ಇರುವ ಪೆಟ್ಟಿಗೆ. ಇದಕ್ಕೆ ನಾವು ಹಬ್ಬದ ಪೆಟ್ಟಿಗೆ ಅನ್ನುತ್ತೇವೆ. ಕಳೆದ ವರ್ಷದ ಅಳತೆಯ ಚೀಟಿ, ಕಾವೇರಿ ಸಂಕ್ರಮಣಕ್ಕೆ ಪೂಜೆಗಿಡುವ ಕಣಿಗೆ ಹೊದಿಸುವ ಕೆಂಪು ಬಟ್ಟೆ, ಟಾರ್ಚು, ಮಕ್ಕಳು ಬರೆದ ಪಟ್ಟಿ, ಎಲ್ಲ ಅದರಲ್ಲೇ. ಪ್ರತಿ ಹಬ್ಬಕ್ಕೂ ಹುಡುಕಾಟದಲ್ಲಿ ಅರ್ಧ ದಿನ ಹೋಗುವುದು ತಪ್ಪುತ್ತದೆ.

ಪಠ್ಯಪುಸ್ತಕಗಳನ್ನು ಮೇ ತಿಂಗಳಲ್ಲೇ ಇಳಿಸಿ ಪ್ರಿಂಟ್ ತೆಗೆದಿಡಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ರಾಜ್ಯದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಜೂನ್ ಕಳೆದ ಮೇಲೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ, ಅಲ್ವಾ? ನೆಟ್ ನಂಬಿ ಕೂತರೆ ಮಳೆಗಾಲದ ಅರ್ಧ ಪಾಠ ಹೋದ ಹಾಗೇ.

## ಹಂತ 1: ಜೂನ್‌ನಲ್ಲೇ ವರ್ಷದ ಕ್ಯಾಲೆಂಡರ್ ಬರೆಯಿರಿ

ಒಂದು ಸಂಜೆ ಮಕ್ಕಳನ್ನೂ ಕೂರಿಸಿಕೊಂಡು ಬರೆಯಿರಿ. ಕೆಂಪು ಪೆನ್ನಿನಲ್ಲಿ ಹಬ್ಬ, ಹಸಿರಿನಲ್ಲಿ ತೋಟ ಮತ್ತು ಗದ್ದೆಯ ಕೆಲಸ, ನೀಲಿಯಲ್ಲಿ ಪರೀಕ್ಷೆ. ಹಸಿರು ಬಣ್ಣವನ್ನು ಎಲ್ಲರೂ ಮರೆಯುತ್ತಾರೆ. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣು ಬಿಡಿಸುವ ಕೆಲಸ ಶುರುವಾದರೆ ಮನೆಯ ದೊಡ್ಡವರು ಯಾರೂ ಕೈಗೆ ಸಿಗುವುದಿಲ್ಲ. ಅದೇ ಹೊತ್ತಿಗೆ ಹುತ್ತರಿ. ಕಾಗದದ ಮೇಲೆ ನೋಡಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಕೆಲವು ದಿನಗಳು ಹೆಚ್ಚು ಕಡಿಮೆ ಗೊತ್ತಿರುವಂಥವು. ಆಟಿ 18, ಅಂದರೆ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ. ಕೈಲ್ ಮುಹೂರ್ತ, ಅಂದರೆ ಕೋವಿ, ಕತ್ತಿಗಳಿಗೆ ಪೂಜೆ ಮಾಡುವ ಹಬ್ಬ, ಸೆಪ್ಟೆಂಬರ್ 3ರ ಆಸುಪಾಸು. ಕಾವೇರಿ ಸಂಕ್ರಮಣ ಅಕ್ಟೋಬರ್ 17 ಅಥವಾ 18. ಹುತ್ತರಿ ಮಾತ್ರ ಓಡಾಡುತ್ತದೆ. 2023ರಲ್ಲಿ ನವೆಂಬರ್ 27, 2024ರಲ್ಲಿ ಡಿಸೆಂಬರ್ 14, 2025ರಲ್ಲಿ ಡಿಸೆಂಬರ್ 4. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಮುಹೂರ್ತ ನಿಗದಿಯಾಗುವ ತನಕ ಒಂದು ದಿನ ಅಂತ ಬರೆಯಬೇಡಿ, ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನ ಹುಣ್ಣಿಮೆಯ ವಾರ ಪೂರ್ತಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಡಿ.

ಹತ್ತನೇ ತರಗತಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಪರೀಕ್ಷೆ ಕಟ್ಟಿಸುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮಗುವಿಗೆ 14 ವರ್ಷ ತುಂಬಿರಬೇಕು, ಕನಿಷ್ಠ ಐದು ವಿಷಯ ತೆಗೆದುಕೊಳ್ಳಬೇಕು, ಪರೀಕ್ಷೆ ವರ್ಷಕ್ಕೆ ಎರಡು ಸಲ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಎರಡನೆಯದನ್ನು ಆರಿಸಿಕೊಂಡರೆ ಸಂಕ್ರಮಣ ಪರೀಕ್ಷೆಯ ನಡುವೆ ಬರಬಹುದು, ಹುತ್ತರಿಯೂ ಕಾಫಿಯೂ ಬೆನ್ನ ಹಿಂದೆಯೇ ನಿಂತಿರುತ್ತವೆ. ತೋಟ ಇರುವ ಮನೆಗೆ ನನ್ನ ಸಲಹೆ ಏಪ್ರಿಲ್-ಮೇ.

## ಹಂತ 2: ಹಬ್ಬವನ್ನು ಚಿಕ್ಕದು ಮಾಡಿ

ಎಲ್ಲ ಹಬ್ಬವನ್ನೂ ಪೂರ್ತಿ ಮಾಡುತ್ತೇನೆ ಅಂತ ಹೊರಟರೆ ಓದು ನಿಂತೇ ನಿಲ್ಲುತ್ತದೆ. ವರ್ಷಕ್ಕೆ ಎರಡು ದೊಡ್ಡ ಹಬ್ಬ ಸಾಕು, ಉಳಿದವು ಒಂದು ಅಡುಗೆ, ಒಂದು ದೀಪದಲ್ಲಿ ಮುಗಿಯಲಿ. ನಮ್ಮ ಮನೆಯಲ್ಲಿ ದೊಡ್ಡವು ಸಂಕ್ರಮಣ ಮತ್ತು ಹುತ್ತರಿ. ನಿಮ್ಮಲ್ಲಿ ಕೈಲ್ ಮುಹೂರ್ತ ಇರಬಹುದು, ಕ್ರಿಸ್‌ಮಸ್ ಇರಬಹುದು, ಈದ್ ಇರಬಹುದು. ಹಂತಗಳು ಅವೇ.

ಯಾವುದನ್ನು ಉಳಿಸಬೇಕು ಅಂತ ತಿಳಿಯದಿದ್ದರೆ ಮಕ್ಕಳನ್ನೇ ಕೇಳಿ: "ಕಳೆದ ವರ್ಷ ಹಬ್ಬದಲ್ಲಿ ಏನು ನೆನಪಿದೆ?" ನಾನು ಕೇಳಿದಾಗ ನಡುವಿನವನು ಹೇಳಿದ್ದು, ಗದ್ದೆಗೆ ಹೋಗುವಾಗ ಅಜ್ಜ ಕೈ ಹಿಡಿದುಕೊಂಡದ್ದು. ಚಿಕ್ಕವಳಿಗೆ ನೆನಪಿದ್ದದ್ದು ತಂಬಿಟ್ಟಿಗೆ ಬಾಳೆಹಣ್ಣು ಕಿವುಚಿದ್ದು. ನಾನು ಮೂರು ದಿನ ಕೂತು ಮಾಡಿದ ಐದು ಬಗೆಯ ತಿಂಡಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆ ವರ್ಷದಿಂದ ಆ ತಿಂಡಿಗಳನ್ನು ಬಿಟ್ಟೆ. ಹಬ್ಬಕ್ಕೇನೂ ಕಡಿಮೆಯಾಗಲಿಲ್ಲ.

ಒಂದು ಹಬ್ಬಕ್ಕೆ ಮೂರೇ ವಿಷಯ ಇಟ್ಟುಕೊಳ್ಳಿ. ಒಂದು ಅಡುಗೆ, ಒಂದು ಕೈಕೆಲಸ, ಒಂದು ಭೇಟಿ. ಭೇಟಿ ಅಂದರೆ ಐನ್‌ಮನೆ (ಕುಲದ ಮೂಲ ಮನೆ) ಇರಬಹುದು, ಊರಿನವರು ಸೇರುವ ಬಯಲು ಮಂದ್ ಇರಬಹುದು, ಪಕ್ಕದಲ್ಲಿ ತೋಟದ ಕೆಲಸದವರು ಇರುವ ಲೈನ್‌ಮನೆಗೆ ಪಾಯಸ ಕೊಟ್ಟು ಬರುವುದೂ ಇರಬಹುದು.

ಇಲ್ಲಿ ಆಗುವ ತಪ್ಪು: ಅತ್ತೆ ಮಾವನ ಹತ್ತಿರ ಮಾತಾಡದೆ ಕಡಿಮೆ ಮಾಡುವುದು. ಹಾಗೆ ಮಾಡಬೇಡಿ. ಮೊದಲೇ ಕೂತು, "ಅತ್ತೆ, ಈ ಸಲ ಇಷ್ಟು ಮಾಡೋಣವಾ, ಮಕ್ಕಳಿಗೆ ನೀವೇ ಹೇಳಿಕೊಡಿ" ಅಂತ ಕೇಳಿ. ಕಲಿಸುವ ಕೆಲಸ ಅವರ ಕೈಗೆ ಹೋದರೆ ಅಡುಗೆಯ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ, ಇದು ನಾನು ಕಂಡದ್ದು.

## ಹಂತ 3: ಸಾಮಾನ್ಯ ದಿನದ ಓದನ್ನು ಗಟ್ಟಿ ಮಾಡಿ

ಮಾಮೂಲಿ ದಿನಕ್ಕೇ ಒಂದು ಕ್ರಮ ಇಲ್ಲದಿದ್ದರೆ ಹಬ್ಬದ ನಂತರ ಯಾವುದಕ್ಕೆ ಮರಳುವುದು?

ಮೂವರಿಗೆ ಮೂರು ಬೇರೆ ಬೇರೆ ಟೈಮ್‌ಟೇಬಲ್ ಮಾಡಬೇಡಿ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯನ್ನು ನೆನಪಿಸಿಕೊಳ್ಳಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕೆಲವರ ಪಕ್ಕ ಟೀಚರ್ ಪೂರ್ತಿ ಇರಬೇಕು, ಕೆಲವರಿಗೆ ಅರ್ಧ ಸಾಕು, ಕೆಲವರು ಜೊತೆಯವರಿಂದ ಕಲಿಯುತ್ತಾರೆ, ಕೆಲವರು ತಾವೇ ಮಾಡಿಕೊಳ್ಳುತ್ತಾರೆ. ಮನೆಗೂ ಇದೇ ಸರಿ. 25 ನಿಮಿಷದ ಒಂದು ಸುತ್ತು. ನಾನು ಚಿಕ್ಕವಳ ಜೊತೆ ಅಕ್ಷರಕ್ಕೆ ಕೂತಾಗ ದೊಡ್ಡವಳು ತಾನೇ ಓದುತ್ತಾಳೆ, ನಡುವಿನವನು ನಿನ್ನೆ ಕಲಿತ ಲೆಕ್ಕ ಮಾಡುತ್ತಾನೆ. ಗಡಿಯಾರ ನೋಡಿ ಬದಲಾಯಿಸುತ್ತೇವೆ. ಮೂರು ಸುತ್ತಿಗೆ ಒಂದೂಕಾಲು ಗಂಟೆ. ಆಮೇಲೆ ಅರ್ಧ ಗಂಟೆ ಮೂವರಿಗೂ ಒಟ್ಟಿಗೆ ಒಂದು ಪಾಠ: ಪರಿಸರ, ಕಥೆ ಓದುವುದು, ನಕ್ಷೆ ನೋಡುವುದು.

ಪಾಠಗಳಲ್ಲಿ ಎರಡನ್ನು ಬುಡದ ಪಾಠ ಅಂತ ಗುರುತು ಮಾಡಿ. ನಮ್ಮಲ್ಲಿ ಓದು ಮತ್ತು ಲೆಕ್ಕ. ತೋಟದ ನೆರಳಿನ ಮರ ಸವರುವಾಗ ಕೊಂಬೆ ಕಡಿಯುತ್ತೇವೆ, ಬುಡ ಮುಟ್ಟುವುದಿಲ್ಲವಲ್ಲ, ಹಾಗೆ. ಮುಂದಿನ ಹಂತದಲ್ಲಿ ಕಡಿಮೆ ಮಾಡುವುದು ಉಳಿದ ಪಾಠಗಳನ್ನು ಮಾತ್ರ.

## ಹಂತ 4: ಹಬ್ಬಕ್ಕೆ ಹತ್ತು ದಿನ ಇರುವಾಗ ಪಾಠ ಇಳಿಸಿ

ಹತ್ತು ದಿನ ಇರುವಾಗ: ನಡೆಯುತ್ತಿರುವ ಅಧ್ಯಾಯ ಮುಗಿಸಿ. ಹೊಸ ಅಧ್ಯಾಯ ತೆಗೆಯಬೇಡಿ. ಭಿನ್ನರಾಶಿಯ ಅರ್ಧದಲ್ಲಿ ಹಬ್ಬ ಬಂದರೆ ಮಗು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಆಗ ಮಗುವಿಗೂ ಬೇಜಾರು, ನಿಮಗೂ ಕೋಪ.

ಏಳು ದಿನ ಇರುವಾಗಿನಿಂದ: ಬುಡದ ಪಾಠ ಎರಡು, ಹಬ್ಬದ ತಯಾರಿಯ ಕೆಲಸ ಒಂದು. ಉಳಿದದ್ದೆಲ್ಲ ಕಪಾಟಿನೊಳಗೆ. ಬೆಳಿಗ್ಗೆ ಹತ್ತೂವರೆಗೆ ಓದು ಮುಗಿಯಬೇಕು.

ಮೂರು ದಿನ ಇರುವಾಗ: ಬುಡದ ಪಾಠ 20 ನಿಮಿಷ, ಅದೂ ಕಲಿತದ್ದನ್ನು ತಿರುಗಿ ನೋಡುವುದು ಮಾತ್ರ.

ಹಬ್ಬದ ಹಿಂದಿನ ದಿನ: ಪುಸ್ತಕ ಮುಚ್ಚುವ ಮೊದಲು ಒಂದು ಕೆಲಸ ಇದೆ, ಇದನ್ನು ತಪ್ಪಿಸಬೇಡಿ. ಪ್ರತಿ ಮಗುವಿನ ಪುಸ್ತಕದಲ್ಲಿ ಮುಂದೆ ಓದಬೇಕಾದ ಪುಟಕ್ಕೆ ಒಂದು ಚೀಟಿ ಇಡಿ. ಚೀಟಿಯಲ್ಲಿ ಮತ್ತೆ ಶುರು ಮಾಡುವ ತಾರೀಕು ಬರೆಯಿರಿ, ಮಾಡಬೇಕಾದ ಎರಡು ಲೆಕ್ಕದ ನಂಬರ್ ಬರೆಯಿರಿ. ಆ ಎರಡೂ ಮಗುವಿಗೆ ಈಗಾಗಲೇ ಬರುವ ಲೆಕ್ಕವೇ ಆಗಿರಲಿ. ಯಾಕೆ ಅಂತ ಏಳನೇ ಹಂತದಲ್ಲಿ ಹೇಳುತ್ತೇನೆ.

## ಹಂತ 5: ಒಂದು ಮಗುವಿಗೆ ಒಂದೇ ಕೆಲಸ

"ಎಲ್ಲರೂ ಸೇರಿ ಸಹಾಯ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಇಲ್ಲವೇ ದೊಡ್ಡವಳೊಬ್ಬಳೇ ಮಾಡುತ್ತಾಳೆ. ಹಬ್ಬಕ್ಕೆ ಒಂದು ವಾರ ಮೊದಲು ಒಬ್ಬೊಬ್ಬರಿಗೆ ಒಂದೊಂದು ಕೆಲಸ ಕೊಡಿ, ಶುರುವಿನಿಂದ ಕೊನೆಯ ತನಕ ಅದು ಅವರದ್ದೇ. ಹಬ್ಬದಿಂದ ಕಲಿಯುವುದೆಲ್ಲ ಈ ವಾರದಲ್ಲಿ ಆಗಬೇಕು, ಹಬ್ಬದ ದಿನ ಅಲ್ಲ.

ಆಟಿ 18. ಚಿಕ್ಕ ಹಬ್ಬ, ಒಂದೇ ಅಡುಗೆ: ಮದ್ದು ಸೊಪ್ಪಿನ ಪಾಯಸ. ಮಳೆ ಲೆಕ್ಕ ನಡುವಿನವನ ಕೆಲಸ. ಜುಲೈ ಪೂರ್ತಿ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ರೈನ್‌ಗೇಜ್ ನೋಡಿ ಬರೆಯುತ್ತಾನೆ. ತೋಟದವರು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ, ಪೇಪರಿನಲ್ಲಿ ಮಿಲಿಮೀಟರ್ ಇರುತ್ತದೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹಾಗಾದರೆ 2 ಇಂಚು 35 ಸೆಂಟ್ ಮಳೆ ಎಷ್ಟು? 59.69 ಮಿ.ಮೀ. ದಶಮಾಂಶವನ್ನು ಪುಸ್ತಕದಲ್ಲಿ ಕಲಿಸಲು ನಾನು ಎರಡು ವಾರ ಒದ್ದಾಡಿದ್ದೆ, ಅವನಿಗೆ ಅದು ಹತ್ತಿದ್ದು ರೈನ್‌ಗೇಜ್ ಪಕ್ಕ ಛತ್ರಿ ಹಿಡಿದು ನಿಂತಾಗ. ಸೊಪ್ಪು ಬೇಯಿಸಿದಾಗ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ಚಿಕ್ಕವಳು ನೋಡಿ ಚಿತ್ರ ಬರೆಯಲಿ. ಪಾಯಸ ತಿಂದ ಮೇಲೆ ಮೂತ್ರಕ್ಕೂ ಬಣ್ಣ ಬರುತ್ತದೆ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹೆದರುತ್ತಾರೆ. ಸೊಪ್ಪನ್ನು ಗುರುತು ಗೊತ್ತಿರುವ ದೊಡ್ಡವರೇ ಕೊಯ್ಯಬೇಕು, ಮಕ್ಕಳನ್ನು ಕಳಿಸಬೇಡಿ.

ಕೈಲ್ ಮುಹೂರ್ತ. ಕಡುಬಿನ ಅಳತೆ ಮಕ್ಕಳಿಗೆ ಕೊಡಿ. ಒಂದು ಲೋಟ ಅಕ್ಕಿ ತರಿಗೆ ಎರಡೂವರೆಯಿಂದ ಮೂರು ಲೋಟ ನೀರು, ತರಿ ಎಷ್ಟು ನುಣ್ಣಗಿದೆ ಅನ್ನುವುದರ ಮೇಲೆ. ನಮ್ಮ ಚೀಟಿಯಲ್ಲಿ ಆರು ಜನಕ್ಕೆ ಬರೆದ ಅಳತೆ ಇದೆ. ಹದಿನೈದು ಜನ ಬಂದರೆ? ಒಂಬತ್ತು ವರ್ಷದವನು ಇದನ್ನು ಕೂಡಿಸಿ ಕೂಡಿಸಿ ಮಾಡುತ್ತಾನೆ, ದೊಡ್ಡವಳು ಎರಡೂವರೆಯಿಂದ ಗುಣಿಸುತ್ತಾಳೆ. ಇಬ್ಬರ ಉತ್ತರ ಒಂದೇ ಬಂದರೆ ನೀರು ಹಾಕುವುದು. ಉಂಡೆ ಕಟ್ಟುವುದು ಚಿಕ್ಕವಳ ಕೆಲಸ, ಗಾತ್ರ ಹೆಚ್ಚು ಕಡಿಮೆ ಆದರೆ ಬಿಡಿ.

ಕೋವಿಯ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಒರೆಸುವ ಮೊದಲು ದೊಡ್ಡವರೊಬ್ಬರು ಅದನ್ನು ತೆರೆದು, ಒಳಗೆ ತೋಟಾ ಇಲ್ಲ ಅಂತ ಕಣ್ಣಾರೆ ನೋಡಬೇಕು. ತೋಟಾಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ. ಮಕ್ಕಳು ಹೂ ಮುಡಿಸುವುದು ಆಮೇಲೆ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಇನ್ನು ಕೋವಿಗೆ ಮುಡಿಸುವ ಆ ತೋಕ್ ಪೂ, ಬೆಂಕಿಯ ಬಣ್ಣದ ಚೆಂದದ ಹೂ, ಅದು ವಿಷದ ಗಿಡ. ಗಡ್ಡೆಯಲ್ಲಂತೂ ವಿಷ ಜಾಸ್ತಿ. ಬಾಯಿಗೆ ಕೈ ಹಾಕುವ ವಯಸ್ಸಿನ ಮಗುವಿಗೆ ಚೆಂಡುಹೂ ಕೊಡಿ. ದೊಡ್ಡ ಮಕ್ಕಳು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ, ಆಮೇಲೆ ಕಡುಬು.

ಕಾವೇರಿ ಸಂಕ್ರಮಣ. ಇಲ್ಲಿ ನಕ್ಷೆ ದೊಡ್ಡವಳದ್ದು. ತಲಕಾವೇರಿ ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರ. ನದಿ ಹರಿಯುವ ಉದ್ದ ಸುಮಾರು 800 ಕಿಲೋಮೀಟರ್. ಭಾಗಿಸಿದರೆ ಕಿಲೋಮೀಟರಿಗೆ ಸರಾಸರಿ 1.6 ಮೀಟರ್ ಇಳಿತ. ಆದರೆ ತಲಕಾವೇರಿಯಿಂದ ಭಾಗಮಂಡಲಕ್ಕೆ ರಸ್ತೆಯಲ್ಲಿ ಇಳಿದವರಿಗೆ ಈ ಸರಾಸರಿ ಸುಳ್ಳು ಅನ್ನಿಸುತ್ತದೆ, ಅಲ್ವಾ? ಅದನ್ನೇ ಕೇಳಿ: ಎಲ್ಲಿ ಜಾಸ್ತಿ ಇಳಿಯುತ್ತದೆ, ಎಲ್ಲಿ ಸುಮ್ನೆ ಹರಿಯುತ್ತದೆ, ಯಾಕೆ? ಒಂದು ವಾರಕ್ಕೆ ಸಾಕಾಗುವಷ್ಟು ಭೂಗೋಳ ಆ ಒಂದು ಪ್ರಶ್ನೆಯಲ್ಲಿದೆ. ನಡುವಿನವನು ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವ ಜಾಗದಿಂದ ಹಾರಂಗಿ, ಕೆಆರ್‌ಎಸ್ ಎಲ್ಲ ಗುರುತು ಮಾಡಲಿ. ಕಣಿಗೆ ಸೌತೆಕಾಯಿಯೋ ತೆಂಗಿನಕಾಯಿಯೋ ಆರಿಸಿ, ಕೆಂಪು ಬಟ್ಟೆ ಹೊದಿಸಿ, ಹೂ ಇಡುವುದು ಚಿಕ್ಕವಳದ್ದು, ಅಜ್ಜಿಯ ಜೊತೆ. ಅಡುಗೆ ದೋಸೆ, ಪಲ್ಯ. ಆ ದಿನ ಮಾಂಸ ಇಲ್ಲದ್ದರಿಂದ ಕೆಲಸವೂ ಹಗುರ.

ತೀರ್ಥೋದ್ಭವದ ಗಳಿಗೆ ವರ್ಷ ವರ್ಷ ಬೇರೆ. 2023ರಲ್ಲಿ ನಡುರಾತ್ರಿ ಕಳೆದ ಮೇಲೆ, 2024ರಲ್ಲಿ ಬೆಳಿಗ್ಗೆ, 2025ರಲ್ಲಿ ಮಧ್ಯಾಹ್ನ. ಪುಟ್ಟ ಮಕ್ಕಳಿದ್ದರೆ ಆ ನೂಕುನುಗ್ಗಲಿಗೆ, ಆ ಚಳಿಗೆ ಕರೆದೊಯ್ಯಲೇಬೇಕು ಅಂತ ಇಲ್ಲ. ತುಲಾ ಮಾಸ ಒಂದು ತಿಂಗಳು ಇರುತ್ತದೆ. ನಾವು ಹತ್ತು ದಿನ ಕಳೆದು ಒಂದು ಮಾಮೂಲಿ ಮಂಗಳವಾರ ಹೋಗುತ್ತೇವೆ, ಮಕ್ಕಳಿಗೆ ಕುಂಡಿಕೆಯ ಹತ್ತಿರ ನಿಂತು ನೋಡಲು ಜಾಗ ಸಿಗುತ್ತದೆ. ಮನೆಯಲ್ಲೇ ಓದಿಸುವವರಿಗೆ ಇರುವ ಅನುಕೂಲವೇ ಇದು, ಬಳಸಿಕೊಳ್ಳಿ.

ಹುತ್ತರಿ. ತಯಾರಿ ಅಮಾವಾಸ್ಯೆಯಿಂದಲೇ ಶುರು. ರಾತ್ರಿ ಊಟಕ್ಕೆ ಮೊದಲು ಮೂವರೂ ಅಂಗಳಕ್ಕೆ ಹೋಗಿ ಚಂದ್ರನನ್ನು ನೋಡಿ ಬರೆಯುತ್ತಾರೆ. ಮೋಡ ಇದ್ದರೆ ಮೋಡ ಅಂತಲೇ ಬರೆಯಲಿ, ಅಂದಾಜಿನಲ್ಲಿ ಚಂದ್ರನ ಚಿತ್ರ ಹಾಕುವುದು ಬೇಡ. ದೊಡ್ಡವಳಿಗೆ ಇನ್ನೊಂದು ಲೆಕ್ಕ ಕೊಟ್ಟಿದ್ದೆ, ಒಂದನೇ ಹಂತದ ಆ ಮೂರು ತಾರೀಕು. 2024ರ ಡಿಸೆಂಬರ್ 14ರಿಂದ 2025ರ ಡಿಸೆಂಬರ್ 4ಕ್ಕೆ ಎಷ್ಟು ದಿನ? 355. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಅಂದರೆ ಹನ್ನೆರಡು ಹುಣ್ಣಿಮೆ. 2023ರ ನವೆಂಬರ್ 27ರಿಂದ 2024ರ ಡಿಸೆಂಬರ್ 14ಕ್ಕೆ? 383. ಅದು ಹದಿಮೂರು ಹುಣ್ಣಿಮೆ. ಆ ಒಂದು ಜಾಸ್ತಿ ಹುಣ್ಣಿಮೆ ಎಲ್ಲಿಂದ ಬಂತು ಅಂತ ಅವಳೇ ಕ್ಯಾಲೆಂಡರ್ ತಿರುವಿ, ಅಜ್ಜನನ್ನು ಕೇಳಿ, ಸೂರ್ಯನ ಒಂದು ವರ್ಷಕ್ಕೂ ಚಂದ್ರನ ಹನ್ನೆರಡು ತಿಂಗಳಿಗೂ ಇರುವ ಸುಮಾರು ಹನ್ನೊಂದು ದಿನದ ವ್ಯತ್ಯಾಸದ ತನಕ ಹೋದಳು. ನಾನು ಬಾಯಿ ಬಿಡಲಿಲ್ಲ. ನೀವೂ ಬಿಡಬೇಡಿ.

ನಡುವಿನವನ ಕೆಲಸ ನೆರೆ, ಅಂದರೆ ಹೊಸ ಕದಿರಿನ ಜೊತೆ ಕಟ್ಟುವ ಎಲೆಯ ಕಟ್ಟು. ಅರಳಿ, ಮಾವು ಸೇರಿ ಐದು ಬಗೆಯ ಎಲೆ, ಕಟ್ಟಲು ನಾರು. ಬಾಗಿಲಿಗೆ ಎಷ್ಟು, ಕೊಟ್ಟಿಗೆಗೆ ಎಷ್ಟು, ಜೀಪಿಗೆ ಎಷ್ಟು ಅಂತ ಮನೆ ಸುತ್ತಿ ಎಣಿಸಿ ಪಟ್ಟಿ ಮಾಡುವುದು ಅವನದ್ದು. ಗಂಟು ಹಾಕುವುದನ್ನು ಅಜ್ಜನಿಂದ ಎರಡು ದಿನ ಮೊದಲೇ ಬೇರೆ ಎಲೆಯಲ್ಲಿ ಕಲಿಯಲಿ, ಆ ರಾತ್ರಿ ಕಲಿಯುತ್ತೇನೆ ಅಂದರೆ ಮುಹೂರ್ತ ಕಾಯುವುದಿಲ್ಲ. ತಂಬಿಟ್ಟು ಚಿಕ್ಕವಳದ್ದು: ಅಕ್ಕಿ, ಮೆಂತ್ಯ, ಏಲಕ್ಕಿ ಹುರಿದು ಪುಡಿ ಮಾಡಿಡುವುದು ನನ್ನ ಕೆಲಸ, ಹಣ್ಣು ಕಿವುಚಿ ಕಲಸುವುದು ಅವಳದ್ದು. ಪುಡಿಯನ್ನು ನಾಲ್ಕು ದಿನ ಮೊದಲೇ ಮಾಡಿ ಡಬ್ಬಿಗೆ ಹಾಕಿ. ಗೆಣಸನ್ನೂ ಮೊದಲೇ ಕಿತ್ತು ಮಣ್ಣು ಕೊಡವಿಡಿ.

## ಹಂತ 6: ಹಬ್ಬದ ದಿನ ಪಾಠದ ಮಾತೇ ಬೇಡ

ಗದ್ದೆಯಲ್ಲಿ ಹೊಸ ಭತ್ತದ ಕದಿರು ತೆಗೆದು "ಪೊಲಿ ಪೊಲಿ ದೇವಾ" ಅಂತ ಕೂಗುತ್ತಿರುವ ಮಗುವಿನ ಕೈಗೆ ವರ್ಕ್‌ಶೀಟ್ ಕೊಡಬೇಡಿ. "ಹೇಳು ನೋಡೋಣ, ಇದನ್ನು ಯಾಕೆ ಮಾಡುತ್ತಾರೆ?" ಅಂತ ನೆಂಟರ ಮುಂದೆ ಕೇಳಲೂ ಬೇಡಿ. ನಾನು ಒಂದು ವರ್ಷ ಫೋಟೊ ತೆಗೆಯಲು, ಟಿಪ್ಪಣಿ ಬರೆಸಲು ಹೋಗಿ ಇಡೀ ರಾತ್ರಿ ಹಾಳು ಮಾಡಿದೆ. ಮಗಳು ಅತ್ತಳು. ಆ ಅಳು ಈಗಲೂ ನನ್ನ ಕಿವಿಯಲ್ಲಿದೆ.

ನಿಮ್ಮ ಗಮನ ಬೇಕಾದದ್ದು ಬೇರೆ ಕಡೆ. ಹುತ್ತರಿ ರಾತ್ರಿಯ ಹಬ್ಬ. ಚಿಕ್ಕವರನ್ನು ಮಧ್ಯಾಹ್ನ ಮಲಗಿಸಿ, ಇಲ್ಲದಿದ್ದರೆ ಕದಿರು ತೆಗೆಯುವ ಹೊತ್ತಿಗೆ ಹೆಗಲ ಮೇಲೆ ನಿದ್ದೆ. ಗದ್ದೆಗೆ ಗಮ್‌ಬೂಟ್, ಒಬ್ಬೊಬ್ಬರಿಗೆ ಒಂದು ಟಾರ್ಚು. ಒಂದು ಮಗುವಿಗೆ ಒಬ್ಬ ದೊಡ್ಡವರು ಅಂತ ಮನೆಯಿಂದ ಹೊರಡುವ ಮೊದಲೇ ಹೆಸರು ಹಿಡಿದು ಹೇಳಿ. ಆನೆ ಓಡಾಡುವ ಕಡೆ ಇದ್ದರೆ ಸಂಜೆಯೇ ವಿಚಾರಿಸಿಕೊಳ್ಳಿ, ಗುಂಪು ಬಿಟ್ಟು ಯಾರೂ ಮುಂದೆ ಹೋಗಬಾರದು. ಕುಡುಗೋಲು ದೊಡ್ಡವರ ಕೈಯಲ್ಲೇ. ಪಟಾಕಿಗೆ ಹತ್ತಿ ಬಟ್ಟೆ, ಪಕ್ಕದಲ್ಲಿ ಒಂದು ಬಕೆಟ್ ನೀರು.

## ಹಂತ 7: ಮತ್ತೆ ಶುರು ಮಾಡುವುದು

ಹತ್ತರಲ್ಲಿ ಎಂಟು ಮನೆ ಎಡವುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಹಬ್ಬ ಎರಡು ದಿನ, ಬಿಡುವು ಎರಡು ವಾರ.

ಹಬ್ಬದ ಮರುದಿನ ರಜೆ. ಅದು ಮೊದಲೇ ಲೆಕ್ಕದಲ್ಲಿರಲಿ. ಮೂರನೆಯ ದಿನ ಬೆಳಿಗ್ಗೆ ಮಾಮೂಲಿ ಹೊತ್ತಿಗೆ, ಮಾಮೂಲಿ ಜಾಗದಲ್ಲಿ ಕೂರಿ. ಮನೆ ಗುಡಿಸಿಲ್ಲ, ಪಾತ್ರೆ ಬಿದ್ದಿದೆ, ಪರವಾಗಿಲ್ಲ, ಕೂರಿ. ಆ ದಿನ ಒಟ್ಟು ಓದು 40 ನಿಮಿಷ ಮಾತ್ರ. ಪುಸ್ತಕದಲ್ಲಿ ಇಟ್ಟ ಚೀಟಿ ನೆನಪಿದೆಯಲ್ಲ? ಅದನ್ನು ತೆಗೆದು ಆ ಎರಡು ಸುಲಭದ ಲೆಕ್ಕ ಮಾಡಿಸಿ. ಮಗುವಿಗೆ "ನನಗೆ ಇದು ಬರುತ್ತದೆ" ಅನ್ನಿಸಬೇಕು, ಮೊದಲ ದಿನದ ಕೆಲಸ ಅಷ್ಟೇ. ಹೊಸ ಅಧ್ಯಾಯ ತೆಗೆದರೆ ಮಗು ಆಕಳಿಸುತ್ತದೆ, ನೀವು ಗದರುತ್ತೀರಿ, ನಾಳೆ ಮಾಡೋಣ ಅಂತ ಪುಸ್ತಕ ಮುಚ್ಚುತ್ತೀರಿ. ಆ ನಾಳೆ ಬರುವುದಿಲ್ಲ.

ನಾಲ್ಕನೆಯ ದಿನ ಬುಡದ ಪಾಠ ಪೂರ್ತಿ. ಐದನೆಯ ದಿನದಿಂದ ಎಲ್ಲ.

ನೆಂಟರು ಇನ್ನೂ ಮನೆಯಲ್ಲಿದ್ದರೆ ಬೆಳಿಗ್ಗೆ ಅವರು ಏಳುವ ಮೊದಲೇ 40 ನಿಮಿಷ ಮುಗಿಸಿ. "ಒಂದು ದಿನ ಬಿಟ್ಟರೆ ಏನಾಗುತ್ತೆ" ಅಂತ ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಅವರಿಗೆ ಉತ್ತರ ಕೊಡುತ್ತಾ ಕೂರಬೇಡಿ, ಚಿಕ್ಕವಳಿಗೆ ಒಂದು ಕಥೆ ಓದಿ ಹೇಳಲು ಕೇಳಿ. ಖುಷಿಯಿಂದ ಕೂರುತ್ತಾರೆ.

## ಹಂತ 8: ಫೈಲಿಗೆ ಹಾಕಿ

ಮೂರನೆಯ ದಿನದ ಮಧ್ಯಾಹ್ನ ಮಳೆ ಲೆಕ್ಕ, ಚಂದ್ರನ ಚಿತ್ರ, ನಕ್ಷೆ, ಅಳತೆಯ ಚೀಟಿ, ಎಲ್ಲಕ್ಕೂ ತಾರೀಕು ಬರೆದು ಆಯಾ ಮಗುವಿನ ಫೈಲಿಗೆ ಸೇರಿಸಿ. ಹೊಸದಾಗಿ ಏನೂ ಬರೆಸಬೇಡಿ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣದ ಹಕ್ಕಿನ ಕಾಯ್ದೆಯಲ್ಲಿ ಮನೆಯಲ್ಲೇ ಓದಿಸುವವರಿಗೆ ಅಂತ ಪ್ರತ್ಯೇಕ ನಿಯಮ ಇಲ್ಲ. ಹಾಗಾಗಿ ಯಾರಾದರೂ ಬಂದು ಮಕ್ಕಳು ಏನು ಓದುತ್ತಿದ್ದಾರೆ ಅಂತ ಕೇಳಿದರೆ ತೋರಿಸಲು ವರ್ಷಪೂರ್ತಿಯ ಫೈಲು ಕೈಯಲ್ಲಿರಬೇಕು. ಎನ್‌ಐಒಎಸ್ ಮಕ್ಕಳಿಗೆ ಟಿಎಂಎ, ಅಂದರೆ ಮನೆಯಲ್ಲಿ ಬರೆದು ಒಪ್ಪಿಸುವ ಉತ್ತರಗಳಿಗೆ ಶೇಕಡ 20 ಅಂಕ ಇದೆ. ಅದರ ಕೊನೆಯ ದಿನವನ್ನೂ ನೀಲಿ ಪೆನ್ನಿನಲ್ಲಿ ಬರೆದಿಡಿ, ಹಬ್ಬದ ವಾರಕ್ಕೆ ತಳ್ಳಬೇಡಿ.

## ಎಚ್ಚರಿಕೆಯ ಗುರುತುಗಳು

ದೊಡ್ಡ ಮಗಳ ಪುಸ್ತಕ ಎಲ್ಲರಿಗಿಂತ ಮೊದಲು ಮುಚ್ಚಿ, ಎಲ್ಲರಿಗಿಂತ ಕೊನೆಗೆ ತೆರೆಯುತ್ತಿದ್ದರೆ ತಕ್ಷಣ ನಿಲ್ಲಿಸಿ ನೋಡಿ. ಅವಳಿಗೆ ಕೆಲಸ ಬರುತ್ತದೆ, ಹೇಳಿದರೆ ಮಾಡುತ್ತಾಳೆ, ಹಾಗಾಗಿ ನಮಗೆ ಗೊತ್ತಿಲ್ಲದೆ ತಂಗಿಯನ್ನು ನೋಡಿಕೊಳ್ಳುವುದು, ಪಾತ್ರೆ, ಬಡಿಸುವುದು ಎಲ್ಲ ಅವಳ ಮೇಲೆ ಬೀಳುತ್ತದೆ. ನನ್ನ ಮಗಳು ಒಂದು ಹುತ್ತರಿಗೆ ಹನ್ನೊಂದು ದಿನ ಪುಸ್ತಕ ಹಿಡಿಯಲಿಲ್ಲ, ತಮ್ಮ ಹಿಡಿಯದಿದ್ದದ್ದು ನಾಲ್ಕು ದಿನ. ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ತುಂಬಾ ನೋವಾಯಿತು. ಈಗ ಹಬ್ಬದ ವಾರದಲ್ಲಿ ಯಾರು ಎಷ್ಟು ಹೊತ್ತು ಓದಿದರು ಅಂತ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಬಡಿಸುವುದು, ಎಲೆ ತೆಗೆಯುವುದು ತಮ್ಮನ ಪಾಲಿಗೂ ಬಂದಿದೆ.

ಚಿಕ್ಕ ಮಗು ಮೂರನೆಯ ದಿನ ಕಾರಣ ಇಲ್ಲದೆ ಅಳುತ್ತಿದ್ದರೆ ಅದು ನಿದ್ದೆಯ ಅಳು. ಓದನ್ನು ಹತ್ತು ನಿಮಿಷಕ್ಕೆ ಇಳಿಸಿ, ಆದರೆ ಕೂರಿಸುವುದನ್ನು ಬಿಡಬೇಡಿ.

ನೀವೇ ಮಕ್ಕಳ ಮೇಲೆ ಕೂಗಾಡುತ್ತಿದ್ದೀರಾ? ಹಾಗಿದ್ದರೆ ಎರಡನೇ ಹಂತದಲ್ಲಿ ಕಡಿಮೆ ಮಾಡಿದ್ದು ಸಾಲಲಿಲ್ಲ. ಅಡುಗೆಯಲ್ಲಿ ಒಂದನ್ನು ಅವತ್ತೇ ಕೈಬಿಡಿ.

ಮಗು "ಈ ಸಲ ಹಬ್ಬ ಬೇಡ" ಅಂದರೆ ಹಬ್ಬ ಅದಕ್ಕೆ ಪಾಠದ ಹಾಗೆ ಕಾಣುತ್ತಿದೆ ಅಂತ ಅರ್ಥ. ಆ ವರ್ಷ ಅದಕ್ಕೆ ಕೊಟ್ಟ ಕೆಲಸ ವಾಪಸ್ ತೆಗೆದುಕೊಳ್ಳಿ, ಸುಮ್ನೆ ಅಜ್ಜನ ಕೈ ಹಿಡಿದು ಗದ್ದೆಗೆ ಹೋಗಿ ಬರಲಿ.

ಈಗಾಗಲೇ ಎರಡು ವಾರ ತಪ್ಪಿದೆ ಅನ್ನುವವರು ಮುಂದಿನ ಹಬ್ಬಕ್ಕೆ ಕಾಯುವುದು ಬೇಡ. ನಿಮಗೆ ಮಾತ್ರ ಕ್ರಮ ಮುರಿಯಲು ಅನುಮತಿ, ಏಳನೇ ಹಂತದಿಂದ ನಾಳೆಯೇ ಶುರು ಮಾಡಿ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಮೂರು ಪುಸ್ತಕ ತೆಗೆದು, ಅವರಿಗೆ ಚೆನ್ನಾಗಿ ಬರುವ ಎರಡೆರಡು ಲೆಕ್ಕ ಹುಡುಕಿ, ಆ ಪುಟಕ್ಕೆ ಚೀಟಿ ಇಟ್ಟು ಮಲಗಿ.